ಎರಡು ಕ್ವಾರ್ಟ್‌ನ ಬೀನ್ ಪಾಟ್: ಮೂರು ಚಳಿಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದ ಶನಿವಾರ ಇಡೀ ದಿನ ಮನೆಯಲ್ಲೇ ಇರುವವರು, ಹಂದಿ ಮಾಂಸ ತಿನ್ನುವವರು, ಅಡುಗೆಮನೆಯಲ್ಲಿ ಓವನ್ ಇರುವವರು ಈ ಮಡಕೆಯನ್ನು ಕಣ್ಣು ಮುಚ್ಚಿ ತಗೊಳ್ಳಬಹುದು. ಅರ್ಧ ಗಂಟೆಯಲ್ಲಿ ಊಟ ಆಗಬೇಕು ಅನ್ನುವವರಿಗೆ ಇದು ಬೇಡ. ಅವರಿಗೆ ಕುಕ್ಕರೇ ಸರಿ.

ಇದರ ಹೆಸರು ಬೀನ್ ಪಾಟ್. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ನ್ಯೂ ಇಂಗ್ಲೆಂಡ್ ಅನ್ನುವ ಭಾಗದಲ್ಲಿ, ಹಂದಿ ಮಾಂಸ ಮತ್ತು ಕಾಕಂಬಿ (ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಇಂಗ್ಲಿಷಿನಲ್ಲಿ ಮೊಲಾಸಸ್) ಹಾಕಿ ಬೀನ್ಸ್ ಬೇಯಿಸುವುದಕ್ಕೆ ಅಂತಲೇ ಇರುವ ಮಡಕೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಇರುತ್ತಲ್ಲ, ನೋಡಲು ಹಾಗೇ ಇದೆ. ಮೇಲೆ ಕಂದು, ಕೆಳಗೆ ಕೆನೆ ಬಣ್ಣ, ಒಳಗೂ ಹೊರಗೂ ಗಾಜಿನಂಥ ಹೊಳಪು. ಹೊಟ್ಟೆ ದಪ್ಪ, ಬಾಯಿ ಸಣ್ಣದು, ಎರಡು ಪಕ್ಕ ಕಿವಿಯಂಥ ಹಿಡಿ, ಮೇಲೊಂದು ಮುಚ್ಚಳ. ನನ್ನದು ಎರಡು ಕ್ವಾರ್ಟ್, ಅಂದರೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ. ಒಂದು ಪೌಂಡ್, ಅಂದರೆ 454 ಗ್ರಾಂ ಒಣ ಬೀನ್ಸ್ ಸರಿಯಾಗಿ ಹಿಡಿಸುತ್ತದೆ. ಆರು ಜನಕ್ಕೆ ಊಟ ಆಗುತ್ತದೆ. ಕೊಟ್ಟದ್ದು 45 ಡಾಲರ್.

ನಾವಿರುವುದು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ. ಬಾಸ್ಟನ್‌ನಿಂದ ಸುಮಾರು ಒಂದು ಗಂಟೆ ದಾರಿ. ಊರು ಸಕಲೇಶಪುರದ ಕಡೆ. ಹಾಗಾಗಿ ಹಂದಿ ಮಾಂಸ ನನಗೆ ಹೊಸದಲ್ಲ. ಆದರೆ ನಮ್ಮ ಮನೆಯಲ್ಲಿ ಹಂದಿ ಅಂದರೆ ಕರಿಮೆಣಸು, ಹುಳಿ, ಖಾರ, ಜೊತೆಗೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು. ಸಿಹಿ ಹಾಕಿ ಬೇಯಿಸುತ್ತಾರೆ ಅಂತ ಕೇಳಿದಾಗ ಮನಸ್ಸು ಒಪ್ಪಿರಲಿಲ್ಲ. ನಾವು ಇಲ್ಲಿಗೆ ಬಂದ ಮೊದಲ ಜನವರಿ, ಹೊರಗೆ ಮೊಣಕಾಲು ಮುಳುಗುವಷ್ಟು ಹಿಮ, ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ ಒಂದು ಬಟ್ಟಲು ಕೈಗೆ ಕೊಟ್ಟು ಹೋದರು. ಎಂಬತ್ತು ದಾಟಿದವರು. ಬಟ್ಟಲು ಇನ್ನೂ ಬಿಸಿ ಇತ್ತು.

ತಿಂದೆ. ಸಿಹಿ ಇತ್ತು, ಆದರೆ ಪಾಯಸದ ಸಿಹಿಯಲ್ಲ. ಅದರ ಹಿಂದೆಯೇ ಕಾಕಂಬಿಯ ಸಣ್ಣ ಕಹಿ, ಸಾಸಿವೆಯ ಘಾಟು, ಆಮೇಲೆ ಉಪ್ಪು. ಹಂದಿ ಕೊಬ್ಬು ಎಲ್ಲೂ ಕಾಣುತ್ತಿರಲಿಲ್ಲ, ಪೂರ್ತಿ ಕರಗಿ ಕಾಳಿನೊಳಗೆ ಇಳಿದಿತ್ತು. ಕಾಳು ಒಂದೂ ಒಡೆದಿರಲಿಲ್ಲ. ಬಾಯಿಗೆ ಹಾಕಿದರೆ ಬೆಣ್ಣೆ. ಅಷ್ಟು ಮೆತ್ತಗೆ ಬೆಂದ ಕಾಳು ಹೇಗೆ ಇಡಿಯಾಗಿ ನಿಂತಿದೆ ಅನ್ನುವುದೇ ನನಗೆ ಬಿಡಿಸಲಾಗದ ಒಗಟಾಯಿತು. ಬಟ್ಟಲು ವಾಪಸ್ ಕೊಡಲು ಹೋದಾಗ ಎಷ್ಟು ಹೊತ್ತು ಬೇಯಿಸಿದಿರಿ ಅಂತ ಕೇಳಿದೆ. ಬೆಳಿಗ್ಗೆಯಿಂದ ಅಂದರು. ಆಮೇಲೆ ಒಳಗೆ ಕರೆದು ಅವರ ಮಡಕೆ ತೋರಿಸಿದರು.

ಶನಿವಾರವೇ ಯಾಕೆ ಅಂದರೆ ಅದಕ್ಕೆ ಹಳೆಯ ಕಾರಣ ಇದೆ. ಹದಿನೇಳನೇ ಶತಮಾನದಲ್ಲಿ ಇಲ್ಲಿ ಬಂದು ನೆಲೆಸಿದ ಪ್ಯೂರಿಟನ್ ಕ್ರೈಸ್ತರಿಗೆ ಶನಿವಾರ ಹೊತ್ತು ಮುಳುಗಿದರೆ ಸಬ್ಬತ್, ಅಂದರೆ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ, ಶುರು. ಭಾನುವಾರ ಕೆಲಸ ಮಾಡುವಂತಿಲ್ಲ, ಅಡುಗೆಯೂ ಕೆಲಸವೇ. ಅದಕ್ಕೆ ಬೀನ್ಸ್ ಮಡಕೆಯನ್ನು ಮೊದಲೇ ಇಟ್ಟಿಗೆ ಒಲೆಗೆ ಸೇರಿಸಿಬಿಡುತ್ತಿದ್ದರು. ಶನಿವಾರ ರಾತ್ರಿ ಅದೇ ಊಟ, ಭಾನುವಾರ ಬೆಳಿಗ್ಗೆಯೂ ಅದೇ. ಒಲೆ ಆರುತ್ತಾ ಬಂದರೂ ಇಟ್ಟಿಗೆಯ ಕಾವಿಗೆ ಮಡಕೆ ಬೆಚ್ಚಗೇ ಇರುತ್ತಿತ್ತು. ಪಟ್ಟಣಗಳಲ್ಲಿ ಬೇಕರಿಯವರು ಮನೆ ಮನೆಯ ಮಡಕೆ ಒಯ್ದು ತಮ್ಮ ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದರಂತೆ. ಬಾಸ್ಟನ್‌ಗೆ ಬೀನ್‌ಟೌನ್ ಅನ್ನುವ ಅಡ್ಡಹೆಸರು ಇದರಿಂದಲೇ. 1993ರಲ್ಲಿ ಇದಕ್ಕೆ ಹಾಕುವ ನೇವಿ ಬೀನ್ ಈ ರಾಜ್ಯದ ಅಧಿಕೃತ ಕಾಳು ಅಂತಲೂ ಆಯಿತು. ಆದರೆ ಈಗ ಬಾಸ್ಟನ್‌ಗೆ ಹೋಗಿ ಹೋಟೆಲಿನಲ್ಲಿ ಇದನ್ನು ಹುಡುಕುವುದು ಸುಲಭವಿಲ್ಲ. ಇದಕ್ಕೇ ಹೆಸರಾಗಿದ್ದ, ಫ್ಯಾನೆಯಿಲ್ ಹಾಲ್ ಹತ್ತಿರದ ಡರ್ಗಿನ್ ಪಾರ್ಕ್ ಹೋಟೆಲ್ 2019ರ ಜನವರಿಯಲ್ಲಿ ಮುಚ್ಚಿತು. ನನಗೆ ಅಲ್ಲಿ ತಿನ್ನುವ ಯೋಗ ಬರಲಿಲ್ಲ, ಅದರ ಬೇಸರ ಇವತ್ತಿಗೂ ಇದೆ.

ಕಾಕಂಬಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದು ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಹಡಗುಗಟ್ಟಲೆ ಬಂದ ಕಾಕಂಬಿಯಲ್ಲಿ ಬಹಳಷ್ಟು ಇಲ್ಲಿ ರಮ್ ಆಗುತ್ತಿತ್ತು, ಸಕ್ಕರೆಗಿಂತ ಅಗ್ಗ ಅಂತ ಅಡುಗೆಮನೆಗೂ ಬರುತ್ತಿತ್ತು. ಇಷ್ಟು ರುಚಿಯಾದ ಊಟದ ಹಿಂದೆ ಅಷ್ಟು ಜನರ ಕಣ್ಣೀರಿದೆ ಅಂತ ಓದಿದ ದಿನ ನನಗೆ ತುಂಬಾ ಸಂಕಟ ಆಯಿತು. 1919ರ ಜನವರಿ 15ರಂದು ಬಾಸ್ಟನ್‌ನ ನಾರ್ತ್ ಎಂಡ್‌ನಲ್ಲಿ ಕಾಕಂಬಿಯ ದೊಡ್ಡ ಟ್ಯಾಂಕ್ ಒಡೆದು, 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿ 21 ಜನ ಸತ್ತರು. ಆ ಜಾಗದಲ್ಲಿ ಈಗ ಪಾರ್ಕ್ ಇದೆ, ಒಂದು ಸಣ್ಣ ಫಲಕ ಇದೆ. ಹೋದರೆ ನೋಡಿ ಬನ್ನಿ.

ಇನ್ನು ಮಡಕೆಯ ಕೆಲಸಕ್ಕೆ ಬರುತ್ತೇನೆ.

ನೇವಿ ಬೀನ್ಸ್ ಅಂದರೆ ಸಣ್ಣ ಬಿಳಿ ಕಾಳು. ರಾಜ್ಮಾ, ನಾವು ಪಲ್ಯ ಮಾಡುವ ಹುರುಳಿಕಾಯಿ, ಈ ನೇವಿ ಬೀನ್ಸ್, ಎಲ್ಲಾ ಒಂದೇ ಜಾತಿಯ ಗಿಡ. ಶುಕ್ರವಾರ ರಾತ್ರಿ ನೆನೆಹಾಕಬೇಕು. ಶನಿವಾರ ಬೆಳಿಗ್ಗೆ ಏಳಕ್ಕೆ ಹೊಸ ನೀರಲ್ಲಿ ಕುದಿಯಲು ಇಡುತ್ತೇನೆ. ಮುಕ್ಕಾಲು ಗಂಟೆ ಬೇಕಾಗುತ್ತದೆ, ಕಾಳು ಹಳೆಯದಾದರೆ ಇನ್ನೂ ಜಾಸ್ತಿ. ಬೆಂದಿದೆಯೋ ಇಲ್ಲವೋ ಅಂತ ನೋಡಲು ಇಲ್ಲಿಯ ಹಳಬರ ಒಂದು ಉಪಾಯ ಇದೆ. ಚಮಚದಲ್ಲಿ ನಾಲ್ಕು ಕಾಳು ತೆಗೆದು ಉಫ್ ಅಂತ ಊದಬೇಕು. ಸಿಪ್ಪೆ ಬಿರಿದು ಸುರುಳಿ ಎದ್ದರೆ ಮಡಕೆಗೆ ಹಾಕಲು ಸಿದ್ಧ. ಅಜ್ಜಿ ಮೊದಲ ಸಲ ಮಾಡಿ ತೋರಿಸಿದಾಗ ನಾನು ಹತ್ತು ಸಲ ಊದಿ ನೋಡಿದೆ, ಅಷ್ಟು ಖುಷಿಯಾಯಿತು. ಈ ಕುದಿಸುವ ಹಂತವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಈ ಜಾತಿಯ ಹಸಿ ಕಾಳಲ್ಲಿ ಹೊಟ್ಟೆ ಕೆಡಿಸುವ ಅಂಶ ಇರುತ್ತದೆ, ಕೆಂಪು ರಾಜ್ಮಾದಲ್ಲಿ ಜಾಸ್ತಿ, ಬಿಳಿಯದರಲ್ಲಿ ಕಡಿಮೆ. ಕೊತಕೊತ ಕುದಿಸಿದರೆ ಹೋಗುತ್ತದೆ, ಸಣ್ಣ ಕಾವಿಗೆ ಹೋಗುವುದಿಲ್ಲ.

ಹಂದಿ ಮಾಂಸ ಅಂದರೆ ಇಲ್ಲಿ ಸಾಲ್ಟ್ ಪೋರ್ಕ್. ಹೊಟ್ಟೆ ಭಾಗದ ಕೊಬ್ಬಿನ ತುಂಡನ್ನು ಉಪ್ಪಿನಲ್ಲಿ ಹಾಕಿಟ್ಟದ್ದು. ಬೇಕನ್ ಬೇರೆ, ಅದಕ್ಕೆ ಹೊಗೆ ಕೊಟ್ಟಿರುತ್ತಾರೆ. ಒಂದು ಸಲ ಅದನ್ನು ಹಾಕಿ ನೋಡಿದೆ, ಮಡಕೆ ಪೂರ್ತಿ ಹೊಗೆಯ ರುಚಿಯೇ ಆಗಿ ಕಾಳಿನ ರುಚಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಂದು ಪೌಂಡ್ ಕಾಳಿಗೆ ಅರ್ಧ ಪೌಂಡ್ ಸಾಲ್ಟ್ ಪೋರ್ಕ್. ಐದು ನಿಮಿಷ ಕುದಿಸಿ ನೀರು ಚೆಲ್ಲಿದರೆ ಜಾಸ್ತಿ ಇರುವ ಉಪ್ಪು ಬಿಡುತ್ತದೆ. ತೊಗಲಿನ ಕಡೆ ಅರ್ಧ ಇಂಚು ಆಳಕ್ಕೆ ಗೀರು ಹಾಕಬೇಕು. ತಳದಲ್ಲಿ ಇಡೀ ಈರುಳ್ಳಿ ಒಂದು, ಅರ್ಧ ಮಾಂಸ, ಅದರ ಮೇಲೆ ಕಾಳು, ಉಳಿದ ಮಾಂಸವನ್ನು ತೊಗಲು ಮೇಲೆ ಬರುವ ಹಾಗೆ ಕಾಳಿನಲ್ಲಿ ಹುದುಗಿಸಬೇಕು. ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ ಕಾಕಂಬಿ, ಎರಡು ಚಮಚ ಕಂದು ಸಕ್ಕರೆ, ಒಂದು ಚಮಚ ಸಾಸಿವೆ ಪುಡಿ, ಕರಿಮೆಣಸು. ಇಷ್ಟನ್ನು ಕಾಳು ಬೆಂದ ಬಿಸಿ ನೀರಲ್ಲಿ ಕಲಸಿ ಕಾಳು ಮುಳುಗುವವರೆಗೆ ಹುಯ್ಯುವುದು. ಉಪ್ಪು ಕೊನೆಗೆ, ರುಚಿ ನೋಡಿ. ಓವನ್ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 120 ಸೆಲ್ಸಿಯಸ್. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಹೊರಗೆ ಬರುವುದು ಸಂಜೆ ಐದಕ್ಕೆ. ಕಾಕಂಬಿ ಕೊಳ್ಳುವಾಗ ಬ್ಲ್ಯಾಕ್‌ಸ್ಟ್ರಾಪ್ ಅಂತ ಬರೆದದ್ದು ಬೇಡ, ಅದು ಕೊನೆಯ ಕುದಿತದ್ದು, ಕಹಿ ಜಾಸ್ತಿ.

ಎಂಟು ಗಂಟೆ ಬೆಂದರೂ ಕಾಳು ಯಾಕೆ ಮುದ್ದೆಯಾಗುವುದಿಲ್ಲ ಅನ್ನುವ ನನ್ನ ಒಗಟಿಗೆ ಉತ್ತರ ಸಿಕ್ಕಿದ್ದು ಅಮ್ಮನಿಂದ. ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. "ಅಲ್ಲ ಕಣೇ, ಬೆಲ್ಲದಂಥದ್ದನ್ನ ಮೊದಲೇ ಹಾಕಿದ್ರೆ ಕಾಳು ಬೇಯೋದು ಹೇಗೆ? ಹುಳಿ ಹಾಕಿದ ಮೇಲೆ ಬೇಳೆ ಬೇಯಲ್ಲ ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ" ಅಂದರು. ಅದೇ ಗುಟ್ಟು! ಕಾಕಂಬಿಯಲ್ಲಿ ಸ್ವಲ್ಪ ಹುಳಿ ಇದೆ, ಸುಣ್ಣದ ಅಂಶ ಇದೆ, ಸಕ್ಕರೆ ಇದೆ. ಮೂರೂ ಸೇರಿ ಕಾಳಿನ ಸಿಪ್ಪೆಯನ್ನು ಗಟ್ಟಿ ಹಿಡಿದು ನಿಲ್ಲಿಸುತ್ತವೆ. ನಮ್ಮ ಅಡುಗೆಯಲ್ಲಿ ಯಾವುದು ತಪ್ಪು ಅಂತ ತಪ್ಪಿಸುತ್ತೇವೋ ಅದನ್ನೇ ಇವರು ಬೇಕು ಅಂತಲೇ ಮಾಡುತ್ತಾರೆ. ಮೊದಲು ಬರೀ ನೀರಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಕಾಕಂಬಿ ಹಾಕಿ ಕಾಳನ್ನು ಅಲ್ಲೇ ನಿಲ್ಲಿಸಿ, ಮುಂದಿನ ಎಂಟು ಗಂಟೆಯಲ್ಲಿ ರುಚಿ ಇಳಿಸುವುದು. ಆದ್ದರಿಂದ ಅರೆಬೆಂದ ಕಾಳಿಗೆ ಕಾಕಂಬಿ ಹಾಕಿದಿರೋ, ರಾತ್ರಿಯವರೆಗೂ ಅದು ಕಲ್ಲೇ.

ಈಗ ಮಡಕೆ ಏನು ಮಾಡುತ್ತದೆ ಅಂತ ಹೇಳುತ್ತೇನೆ, ಇದೇ ನನಗೆ ಮುಖ್ಯ. ಇದು ನೀರನ್ನು ನಿಧಾನವಾಗಿ ಬಿಡುತ್ತದೆ. ಬಾಯಿ ಸಣ್ಣದಾದ್ದರಿಂದ ಆವಿ ಒಂದೇ ಸಲ ಹೋಗುವುದಿಲ್ಲ, ಮುಚ್ಚಳ ಬಿಗಿ ಇಲ್ಲದ್ದರಿಂದ ಪೂರ್ತಿ ಒಳಗೇ ಉಳಿಯುವುದೂ ಇಲ್ಲ. ಗಂಟೆಗೊಂದು ಸಲ ತೆಗೆದು ನೋಡಿ, ಮೇಲಿನ ಕಾಳು ಬರಿದಾಗಿ ಕಂಡರೆ ಮಾತ್ರ ಕಾಳು ಮುಳುಗುವಷ್ಟು ಬಿಸಿ ನೀರು ಹಾಕುತ್ತೇನೆ. ಹೀಗೆ ನಾಲ್ಕೈದು ಸಲ. ಪ್ರತಿ ಸಲ ನೀರು ಇಂಗಿ, ಮತ್ತೆ ಬಂದು, ಮತ್ತೆ ಇಂಗಿ, ರಸ ಗಟ್ಟಿಯಾಗುತ್ತಾ ಬಣ್ಣ ಏರುತ್ತದೆ. ಬೆಳಿಗ್ಗೆ ಚಹಾದ ಬಣ್ಣ ಇದ್ದದ್ದು ಮಧ್ಯಾಹ್ನ ಮೂರರ ಹೊತ್ತಿಗೆ ಹುಣಸೆ ಹಣ್ಣಿನ ಬಣ್ಣ. ಕೊನೆಯ ಒಂದು ಗಂಟೆ ಮುಚ್ಚಳ ತೆಗೆದಿಟ್ಟರೆ ಮೇಲಿನ ತೊಗಲು ಕಂದಾಗಿ, ಅದರ ಸುತ್ತ ಕಾಳು ಸ್ವಲ್ಪ ಹುರಿದಂತಾಗಿ ನಿಲ್ಲುತ್ತದೆ. ಮನೆಯೆಲ್ಲ ಆ ವಾಸನೆ. ಶಾಲೆಗೆ ಹೋಗುವ ಮಗ ಹೊರಗಿನ ಹಿಮದಲ್ಲಿ ಆಡುತ್ತಿದ್ದವನು ವಾಸನೆಗೇ ಒಳಗೆ ಬಂದು ಆಯ್ತಾ ಅಂತ ಕೇಳುತ್ತಾನೆ.

ಬಿಸಿ ನೀರು ಅಂದೆನಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಇದು ನನ್ನ ಎರಡನೇ ಮಡಕೆ. ಮೊದಲನೆಯದನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ತಂದಿದ್ದೆ, ತುಂಬಾ ಚಂದ ಇತ್ತು. ಎರಡನೇ ಸಲ ಬೇಯಿಸುವಾಗ ರಸ ಇಂಗಿತ್ತು ಅಂತ ನಲ್ಲಿಯ ತಣ್ಣೀರು ಹುಯ್ದುಬಿಟ್ಟೆ. ಟಕ್ ಅಂತ ಒಂದು ಸದ್ದು. ತಳದಿಂದ ಹಿಡಿಯವರೆಗೆ ಸೀಳು. ರಸವೆಲ್ಲ ಓವನ್ ತಳಕ್ಕೆ ಸುರಿದು ಕರಕಲು. ಅವತ್ತು ಅತ್ತುಬಿಟ್ಟೆ. ಹಾಗಾಗಿ ಪಕ್ಕದಲ್ಲೇ ಕೆಟಲ್ ಇಟ್ಟುಕೊಳ್ಳಿ. ಬಿಸಿ ಮಡಕೆಯನ್ನು ಒದ್ದೆ ಕಲ್ಲಿನ ಮೇಲೂ ಇಡಬೇಡಿ, ಮರದ ಹಲಗೆ ಇಲ್ಲವೇ ದಪ್ಪ ಬಟ್ಟೆ ಹಾಕಿ. ಗ್ಯಾಸ್ ಉರಿಯ ಮೇಲೆ ಇಡುವುದಂತೂ ಬೇಡವೇ ಬೇಡ.

ಬೇರೆ ಪಾತ್ರೆಯಲ್ಲಿ ಆಗಲ್ವಾ ಅಂತ ಕೇಳುವವರಿಗೆ: ಆಗುತ್ತದೆ, ಆದರೆ ಇದಲ್ಲ. ಒಂದೇ ಅಂಗಡಿಯ ಕಾಳು, ಒಂದೇ ಅಳತೆ, ಬೇರೆ ಬೇರೆ ಶನಿವಾರ ಮಾಡಿ ನೋಡಿದ್ದೇನೆ. ಕುಕ್ಕರಿನಲ್ಲಿ ಕಾಳು ಬೆಂದಿತು, ರಸ ನೀರು ನೀರು, ಬಣ್ಣವೇ ಬರಲಿಲ್ಲ, ಕೊಬ್ಬು ಮೇಲೆ ತೇಲುತ್ತಿತ್ತು. ಸ್ಲೋ ಕುಕ್ಕರಿನಲ್ಲಿ ಆವಿ ಹೊರಗೇ ಹೋಗದೆ ಸಂಜೆಗೂ ಸಾರಿನ ಹಾಗೇ ಇತ್ತು. ದಪ್ಪ ಬೀಡುಕಬ್ಬಿಣದ ಪಾತ್ರೆ ಪರವಾಗಿಲ್ಲ, ಹತ್ತಿರ ಬರುತ್ತದೆ. ಆದರೆ ಅದರ ಬಾಯಿ ಅಗಲ, ಕಾಳು ತೆಳ್ಳಗೆ ಹರಡಿಕೊಂಡು ಮೇಲಿನ ಪದರ ಬೇಗ ಒಣಗುತ್ತದೆ, ಮಾಂಸ ಹುದುಗಿಸಲು ಆಳ ಸಾಲದು. ಮೇಯ್ನ್ ರಾಜ್ಯದಲ್ಲಿ ಮಾತ್ರ ಕಬ್ಬಿಣದ ಪಾತ್ರೆಯಲ್ಲೇ ಮಾಡುವ ಒಂದು ಪದ್ಧತಿ ಇದೆ. ನೆಲದಲ್ಲಿ ಗುಂಡಿ ತೋಡಿ, ಕಲ್ಲು ಜೋಡಿಸಿ, ಕಟ್ಟಿಗೆ ಉರಿಸಿ ಕೆಂಡ ಮಾಡಿ, ಪಾತ್ರೆ ಇಳಿಸಿ ಮಣ್ಣು ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಮರ ಕಡಿಯುವವರ ಕ್ಯಾಂಪುಗಳಲ್ಲಿ ಅದೇ ಊಟವಾಗಿತ್ತು. ಅಲ್ಲಿ ನೇವಿ ಬೀನ್ಸ್‌ಗಿಂತ ಹಳದಿ ಕಣ್ಣಿನ ಯೆಲ್ಲೋ ಐ ಅನ್ನುವ ದಪ್ಪ ಕಾಳನ್ನು ಇಷ್ಟಪಡುತ್ತಾರೆ. ಅದನ್ನೂ ಈ ಮಡಕೆಯಲ್ಲಿ ಮಾಡಿದ್ದೇನೆ, ಕೆನೆಯ ಹಾಗೆ ಬಂತು. ಡಬ್ಬಿ ಬೀನ್ಸ್ ಬಗ್ಗೆ ನಾನು ಹೇಳುವುದೇನಿಲ್ಲ, ಅದು ಬೇರೆ ತಿಂಡಿ.

ಇನ್ನು ಮಡಕೆಯ ಕೊರತೆಗಳು. ಮುಚ್ಚಳ ಎತ್ತುವ ಹಿಡಿ ತೀರಾ ಸಣ್ಣದು, ದಪ್ಪ ಕೈಗವಸು ಹಾಕಿಕೊಂಡರೆ ಹಿಡಿತವೇ ಸಿಗುವುದಿಲ್ಲ. ನಾನು ಮಡಚಿದ ಬಟ್ಟೆಯಲ್ಲಿ ಎತ್ತುತ್ತೇನೆ. ಅಂಚೆಯಲ್ಲಿ ಮೊದಲು ಬಂದದ್ದರ ಒಂದು ಹಿಡಿ ಮುರಿದಿತ್ತು. ಫೋಟೋ ಕಳಿಸಿದೆ, ಹನ್ನೆರಡು ದಿನ ಬಿಟ್ಟು ಬೇರೆ ಕಳಿಸಿದರು, ಆದರೆ ಅದಕ್ಕೆ ಮೂರು ಸಲ ಬರೆಯಬೇಕಾಯಿತು. ಇಷ್ಟು ಒಡೆಯುವ ಸಾಮಾನಿಗೆ ಬರೀ ಎರಡು ಸುತ್ತು ಕಾಗದ ಸಾಲದು ಅಂತ ಅವರಿಗೆ ತಿಳಿಯಬೇಕಿತ್ತು. ಬಾಯಿ ಸಣ್ಣದಾದ್ದರಿಂದ ತೊಳೆಯುವುದು ಕಷ್ಟ ಅಂತ ಕೆಲವರು ಹೇಳುತ್ತಾರೆ. ನನ್ನ ಕೈ ಒಳಗೆ ಹೋಗುತ್ತದೆ, ರಾತ್ರಿ ಬಿಸಿ ನೀರು ತುಂಬಿಟ್ಟರೆ ಬೆಳಿಗ್ಗೆ ಸುಲಭವಾಗಿ ಬಿಡುತ್ತದೆ. ಒಳಗಿನ ಹೊಳಪು ಮೂರು ವರ್ಷದಲ್ಲಿ ಒಂದು ಕಡೆಯೂ ಎದ್ದಿಲ್ಲ, ಕಲೆ ಹಿಡಿದಿಲ್ಲ. ಹಳೆಯ ಮಡಕೆ ಕೊಳ್ಳುವವರು ಮಾತ್ರ ಜೋಪಾನ, ಕೆಲವು ಹಳೆ ಹೊಳಪಿನಲ್ಲಿ ಸೀಸ ಇರುತ್ತದೆ. ಎಂಟು ಗಂಟೆ ಓವನ್ ಉರಿಸಿದರೆ ಕರೆಂಟ್ ಖರ್ಚಾಗುತ್ತದೆ, ನಿಜ. ಚಳಿಗಾಲದಲ್ಲಿ ಅಡುಗೆಮನೆ ಬೆಚ್ಚಗಾಗುವುದರಿಂದ ನನಗೆ ಅದು ನಷ್ಟ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಈ ಮಡಕೆ ಕಪಾಟಿನಲ್ಲೇ.

ಜೊತೆಗೆ ತಿನ್ನಲು ಬ್ರೌನ್ ಬ್ರೆಡ್. ಜೋಳದ ಹಿಟ್ಟು, ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು, ಗೋಧಿ ಹಿಟ್ಟು, ಮಜ್ಜಿಗೆ, ಕಾಕಂಬಿ, ಸೋಡಾ. ಜೋಳ ಅಂದರೆ ಇಲ್ಲಿ ಮುಸುಕಿನ ಜೋಳ. ಇದನ್ನು ಸುಡುವುದಿಲ್ಲ, ಕಾಫಿ ಡಬ್ಬಿಯಲ್ಲಿ ಹುಯ್ದು ಎರಡೂವರೆ ಗಂಟೆ ಹಬೆಯಲ್ಲಿ ಬೇಯಿಸುತ್ತಾರೆ. ಹಬೆಯಲ್ಲಿ ಬೇಯಿಸುವುದು ನಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ. ದೊಡ್ಡ ಕುಕ್ಕರಿನಲ್ಲಿ ವೇಟ್ ಹಾಕದೆ ಇಟ್ಟರೆ ಚೆನ್ನಾಗಿ ಬರುತ್ತದೆ, ನೀರು ಆರದ ಹಾಗೆ ನೋಡಿಕೊಂಡರೆ ಸಾಕು. ಮಾಡಲು ಹೊತ್ತಿಲ್ಲದವರಿಗೆ ಬಿ ಅಂಡ್ ಎಂ ಕಂಪನಿಯದು ಡಬ್ಬಿಯಲ್ಲೇ ಸಿಗುತ್ತದೆ, ಬಿಲ್ಲೆ ಕತ್ತರಿಸಿ ಬೆಣ್ಣೆಯಲ್ಲಿ ಹುರಿದುಕೊಳ್ಳಬೇಕು. ಉಳಿದ ಬೀನ್ಸ್ ಭಾನುವಾರ ಬೆಳಿಗ್ಗೆ ಇನ್ನೂ ರುಚಿ. ಅಜ್ಜಿ ತಣ್ಣಗಿನ ಬೀನ್ಸನ್ನೇ ಎರಡು ಬ್ರೆಡ್ ನಡುವೆ ಇಟ್ಟು ತಿನ್ನುತ್ತಾರೆ. ನನಗೆ ಬಿಸಿಯೇ ಬೇಕು, ಮೇಲೊಂದು ಮೊಟ್ಟೆ.

ಕಳೆದ ಡಿಸೆಂಬರಿನಲ್ಲಿ ಅಮ್ಮ ಬಂದಿದ್ದರು. ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಕರಿಮೆಣಸು ಕೇಳಿದರು. ಆಮೇಲೆ ಮೇಲಿನ ತೊಗಲಿನ ತುಂಡನ್ನು ತಮ್ಮ ತಟ್ಟೆಗೆ ಎತ್ತಿಕೊಂಡರು. ಊರಿಗೆ ಹೋದ ಮೇಲೆ ಫೋನ್ ಮಾಡಿ, ಜೋನಿಬೆಲ್ಲ ಹಾಕಿ ಮನೆಯ ಭರಣಿಯಲ್ಲೇ ಮಾಡಿದರೆ ಹೇಗೆ ಅಂತ ಕೇಳಿದರು. ಜೋನಿಬೆಲ್ಲ ಆಗುತ್ತದೆ, ಕಾಕಂಬಿಗಿಂತ ಸಿಹಿ ಜಾಸ್ತಿ, ಹಾಗಾಗಿ ಕಂದು ಸಕ್ಕರೆ ಬಿಟ್ಟುಬಿಡಿ. ಭರಣಿ ಮಾತ್ರ ಬೇಡ, ಅದು ಉಪ್ಪಿನಕಾಯಿಗೆ ಮಾಡಿದ್ದು, ಓವನ್ ಕಾವು ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಇದೇ ಮಡಕೆ ಇನ್ನೊಂದು ತಗೊಂಡು, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ಯುತ್ತೇನೆ.